ಮರಳು ಮಣ್ಣು, ಮುಸುಕಿನ ಜೋಳ, ನೀರಿನ ‘ದಕ್ಷತೆ’: ಬೇರೆ ಮಾತು ಇದೆಯಾ?

ಗೆಳೆಯರೇ,

ಗೌರಿಬಿದನೂರು ಕಡೆಯ ರೈತರಿಗೆಂದು ಒಂದು ಕರಪತ್ರ ತಿದ್ದುತ್ತಿದ್ದೇನೆ. ಮರಳು ಮಣ್ಣಿನಲ್ಲಿ ಮುಸುಕಿನ ಜೋಳ ನೀರನ್ನು ಎಷ್ಟು ಚೆನ್ನಾಗಿ ಬಳಸಿಕೊಳ್ಳುತ್ತದೆ ಅನ್ನೋದು ವಿಷಯ. ಕರಡಿನ ತುಂಬ ‘ದಕ್ಷತೆ’. ದಕ್ಷ ಅಧಿಕಾರಿ ಗೊತ್ತು, ದಕ್ಷ ಜೋಳ ಅಂದ್ರೆ? ಅದು ಹೋಗಲಿ, ತೊಡಕು ಬೇರೆಯೇ ಇದೆ.

ಈ ಒಂದೇ ಪದ ಎರಡು ಲೆಕ್ಕಗಳಿಗೆ ಬಂದು ಕೂತಿದೆ. ‘ನೀರಾವರಿ ದಕ್ಷತೆ’ ಅಂದರೆ, ಬಿಟ್ಟ ನೀರಿನಲ್ಲಿ ಎಷ್ಟು ಪಾಲು ಬೇರಿಗೆ ದಕ್ಕಿತು ಅಂತ. ಅದು ಶೇಕಡಾ ಲೆಕ್ಕ, 100 ದಾಟುವುದಿಲ್ಲ. ‘ನೀರು ಬಳಕೆ ದಕ್ಷತೆ’ ಅಂದರೆ, ಗಿಡ ಬೆವರಿದ್ದು, ನೆಲದಿಂದ ಆವಿಯಾದದ್ದು ಎರಡೂ ಸೇರಿದ ನೀರಿಗೆ ಎಷ್ಟು ಕಾಳು ಬಂತು ಅಂತ. ಎಕರೆಗೆ 20 ಕ್ವಿಂಟಾಲ್ ಬಂತು, 500 ಮಿಲಿಮೀಟರ್ ನೀರು ಖರ್ಚಾಯಿತು ಅಂದುಕೊಳ್ಳಿ. ಎಕರೆಯಲ್ಲಿ ಒಂದು ಮಿಲಿಮೀಟರ್ ಅಂದರೆ ಸುಮಾರು 4,000 ಲೀಟರ್. ಹಾಗಾಗಿ ಸಾವಿರ ಲೀಟರಿಗೆ ಹೆಚ್ಚುಕಮ್ಮಿ ಒಂದು ಕೆಜಿ ಕಾಳು. ಇದಕ್ಕೆ ಶೇಕಡಾ ಹಚ್ಚೋಕಾಗಲ್ಲ, ಅಲ್ವಾ? ಕರಡಿನಲ್ಲಿ ಹಚ್ಚಿದ್ದಾರೆ.

ಮರಳು ನೆಲದಲ್ಲಿ ಈ ಎರಡು ಲೆಕ್ಕ ದೂರ ಸರಿಯುತ್ತವೆ. ಒಂದೇ ಸಲ ಜಾಸ್ತಿ ನೀರು ಕಟ್ಟಿದರೆ ಬಹುಪಾಲು ಬೇರು ದಾಟಿ ಕೆಳಗಿಳಿಯುತ್ತದೆ. ಮೊದಲ ಲೆಕ್ಕ ನೆಲಕಚ್ಚುತ್ತದೆ. ಎರಡನೆಯದು ಆ ಇಳಿದ ನೀರನ್ನು ಎಣಿಸುವುದೇ ಇಲ್ಲ. ಆದರೆ ನೀರಿನ ಜೊತೆ ಯೂರಿಯಾದ ಸಾರವೂ ಇಳಿದುಹೋಗಿ ಇಳುವರಿ ಕುಗ್ಗಿದರೆ ಅದೂ ಬೀಳುತ್ತದೆ. ನೀರು ಉಳಿಸಿದರೆ ಈ ಎರಡನೆಯ ಲೆಕ್ಕ ಏರುತ್ತದೆ ಅಂತಲೂ ಇಲ್ಲ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಿಟ್ಟು ತೆನೆಗೆ ಕೂದಲು ಬರುವ ಹೊತ್ತಿಗೆ ನೀರು ತಪ್ಪಿಸಿದರೆ ಕಾಳು ಕಟ್ಟುವುದಿಲ್ಲ, ಉಳಿಸಿದ ನೀರಿಗಿಂತ ಕಳೆದ ಕಾಳೇ ಜಾಸ್ತಿ.

ಎರಡನೆಯದಕ್ಕೆ ನಾನು ‘ನೀರಿಗೆ ಸಿಕ್ಕ ಇಳುವರಿ’ ಅಂತ ಬರೆದಿದ್ದೇನೆ. ಎಕರೆಗೆ ಇಷ್ಟು ಕ್ವಿಂಟಾಲ್ ಅನ್ನುವವರಿಗೆ ಸಾವಿರ ಲೀಟರಿಗೆ ಇಷ್ಟು ಕೆಜಿ ಅನ್ನೋದು ಕಷ್ಟವಲ್ಲ. ‘ನೀರಿಳುವರಿ’ ಅಂತ ಜೋಡಿಸಬಹುದು, ಆದರೆ ನೀರೇ ಇಳಿದುಹೋದಂತೆ ಕೇಳುತ್ತದೆ!

ಇನ್ನೊಂದು ಪದ ಇದಕ್ಕಿಂತ ಕಾಡುತ್ತಿದೆ: ‘ಇಂಗು’. ‘ನೀರು ಇಂಗಿ ನಷ್ಟವಾಗುತ್ತದೆ’ ಅಂತ ಕರಡಿನಲ್ಲಿದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದೆ. ಇಂಗುಗುಂಡಿ ತೋಡಿ, ಕೆರೆ ತುಂಬಲಿ ಅಂತ ಎಲ್ಲರೂ ಹೇಳುತ್ತಾರೆ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೋಲಾರದ ಕೆರೆಗಳಿಗೆ ಬರುತ್ತಿರುವುದೂ ಇಂಗಲಿ ಅಂತಲೇ. ಇಲ್ಲಿ ಇಂಗುವುದು ಲಾಭದ ಮಾತು. ಬೆಳೆಯ ಕಡೆಯಿಂದ ನೋಡಿದರೆ ಮಾತ್ರ ಅದು ನಷ್ಟ, ಕರೆಂಟು ಸುಟ್ಟು ಮೇಲೆತ್ತಿದ ನೀರು ಮತ್ತೆ ಕೆಳಕ್ಕೆ. ‘ಬಸಿದುಹೋಗು’ ಅಂದರೆ ಬಸಿಗಾಲುವೆ ನೆನಪಾಗುತ್ತದೆ. ಅದು ಜೌಗು ನೆಲದ ಮಾತು. ನಾನು ಸದ್ಯಕ್ಕೆ ‘ಬೇರು ದಾಟಿದ ನೀರು’ ಅಂತ ಹಾಕಿದ್ದೇನೆ.

ಶಿರಾ, ಪಾವಗಡ ಕಡೆಯವರು ಇದ್ದರೆ ಹೇಳಿ: ಹೀಗೆ ಬೇರಿಗೆ ಸಿಗದೆ ಇಳಿದ ನೀರಿಗೆ ಹೊಲದಲ್ಲಿ ಏನನ್ನುತ್ತೀರಿ? ‘ಈ ಮಣ್ಣು ನೀರು ಹಿಡಿಯಲ್ಲ’ ಅನ್ನುವುದು ಗೊತ್ತು. ಅದು ಮಣ್ಣಿನ ಮೇಲಿನ ದೂರು. ನನಗೆ ಬೇಕಿರುವುದು ಆ ನೀರಿನ ಹೆಸರು.