ಧ್ರುವದ ಕಡಲ ತಳದ ಪಾಚಿಗೆ ಬೆಳಕು ಎಲ್ಲಿಂದ?

ತೀರ್ಥಹಳ್ಳಿ ಹುಡುಗ:
ಆರ್ಕ್ಟಿಕ್ ಕಡಲಿನ ತಳದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆಯುತ್ತದಂತೆ. ಮೇಲೆ ಮಂಜುಗಡ್ಡೆ, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಕತ್ತಲೆ. ಹೇಗೆ ಬದುಕುತ್ತದೆ ಮಾರಾಯ್ರೇ?

ಸಾಗರದವಳು:
ಹೆಚ್ಚಿನವು ಡಯಾಟಮ್‌ಗಳು, ಗಾಜಿನಂಥ ಸಿಲಿಕಾ ಚಿಪ್ಪಿನ ಒಂದೇ ಕೋಶದ ಜೀವಿಗಳು. ತುಂಗೆಗೆ ಇಳಿದಾಗ ಕಾಲು ಜಾರಿಸುವ ಕಂದು ಲೋಳೆ ಇದೆಯಲ್ಲ, ಅದರಲ್ಲೂ ಇವುಗಳ ನೆಂಟರಿದ್ದಾರೆ. ಮೇಲಿನ ಬೆಳಕಿನ ನೂರರಲ್ಲಿ ಒಂದು ಪಾಲು ಸಿಕ್ಕರೂ ಸಾಕು, ಆಹಾರ ಮಾಡಿಕೊಳ್ಳುತ್ತವೆ. ಕತ್ತಲೆಯಲ್ಲಿ ಕೂಡಿಟ್ಟ ಕೊಬ್ಬು, ಸಕ್ಕರೆ ಕರಗಿಸಿಕೊಂಡು, ಉಸಿರಾಟ ತಗ್ಗಿಸಿ ಸುಮ್ನೆ ಬಿದ್ದಿರುತ್ತವೆ. ಬೆಳಕು ಬಂತೋ, ಮತ್ತೆ ಕೆಲಸ ಶುರು.

ಕೊಪ್ಪದ ಮೇಷ್ಟ್ರು:
ಹುಳು, ಬಸವನಹುಳು, ಚಿಪ್ಪುಜೀವಿಗಳಿಗೆ ಇದೇ ಊಟ. ಅಷ್ಟೇ ಅಲ್ಲ, ಆ ಲೋಳೆ ಮರಳನ್ನು ಅಂಟಿಸಿ ಹಿಡಿಯುತ್ತದೆ, ಕೆಸರಿನ ಮೇಲ್ಪದರಕ್ಕೆ ಆಮ್ಲಜನಕವನ್ನೂ ಕೊಡುತ್ತದೆ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ಎಂಬ ನಾರ್ವೆಯ ದ್ವೀಪಗಳಲ್ಲಿದೆ. ಅದರ ಪಕ್ಕದ ಕಾಂಗ್ಸ್‌ಫ್ಯೋರ್ಡನ್‌ ಕೊಲ್ಲಿಯಲ್ಲಿ ಈ ಪಾಚಿಗಳ ಅಧ್ಯಯನ ಸಾಕಷ್ಟು ಆಗಿದೆ.

ತೀರ್ಥಹಳ್ಳಿ ಹುಡುಗ:
ಹಾಗಾದ್ರೆ ಮಂಜು ಕರಗಿದರೆ ಒಳ್ಳೇದೇ ಅಲ್ವಾ?

ಸಾಗರದವಳು:
ಅಷ್ಟು ಸಲೀಸಲ್ಲ ಕಣೋ. ಕಡಲ ಮೇಲಿನ ಮಂಜುಗಡ್ಡೆ ಹೋದರೆ ಬೆಳಕು ಬರುತ್ತದೆ ನಿಜ, ಆದರೆ ಹಿಮನದಿ ಕರಗಿ ಹೊತ್ತು ತರುವ ಮಣ್ಣು ನೀರನ್ನೆಲ್ಲ ರಾಡಿ ಮಾಡಿ ಅದೇ ಬೆಳಕನ್ನು ತಡೆಯುತ್ತದೆ. ಹಿಮನದಿಯ ಬಾಯಿಯ ಹತ್ತಿರ ಈ ಕಾಟ ಜಾಸ್ತಿ.