ಡಾಕ್ಟರ್ ಹತ್ತಿರ ಹೋಗಿ ಬಂದ ತಂಗಿಯನ್ನು ಅಕ್ಕನೇ ಓಡಿಸುತ್ತಿದ್ದಾಳೆ – ಬೆಕ್ಕುಗಳ ಜಗಳ, ಸಹಾಯ ಬೇಕು

ಮಳೆಹನಿ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಹೆಣ್ಣು ಬೆಕ್ಕುಗಳಿವೆ, ಚುಕ್ಕಿ ಮತ್ತು ಬೂದಿ. ಒಂದೇ ಸೂಲಿನ ಮರಿಗಳು, ಈಗ ನಾಲ್ಕು ವರ್ಷ. ಎರಡಕ್ಕೂ ಸಂತಾನಹರಣ ಆಪರೇಷನ್ ಆಗಿದೆ. ಚುಕ್ಕಿ ಸ್ವಲ್ಪ ದಪ್ಪ, ಹಾಗಾಗಿ ಅವಳನ್ನೇ ಅಕ್ಕ ಅನ್ನುತ್ತೇವೆ. ಇಷ್ಟು ವರ್ಷ ಒಂದರ ಹೊಟ್ಟೆ ಮೇಲೆ ಇನ್ನೊಂದು ತಲೆ ಇಟ್ಟೇ ಮಲಗುತ್ತಿದ್ದವು.

ಮೂರು ದಿನದ ಹಿಂದೆ ಬೂದಿಗೆ ಒಂದು ಹಲ್ಲು ಕೀಳಿಸಬೇಕಾಯಿತು. ಅರಿವಳಿಕೆ ಕೊಟ್ಟು ಕಿತ್ತರು. ಸಂಜೆ ಮನೆಗೆ ತಂದು ಕ್ಯಾರಿಯರ್ ಬಾಗಿಲು ತೆರೆದೆ. ಚುಕ್ಕಿ ಓಡಿ ಬಂದಳು. ಒಂದು ಗೇಣು ದೂರದಲ್ಲಿ ನಿಂತು ಕತ್ತು ಚಾಚಿ ಎರಡು ಸಲ ಮೂಸಿದಳು. ಬಾಯಿ ಅರ್ಧ ತೆರೆದು, ಮೇಲ್ದುಟಿ ಎತ್ತಿ, ಏನೋ ಯೋಚಿಸುವವಳ ಹಾಗೆ ಒಂದು ಕ್ಷಣ ನಿಂತಳು. ಆಮೇಲೆ ಕಿವಿ ಹಿಂದಕ್ಕೆ ಮಡಚಿತು, ಬಾಲ ಎರಡರಷ್ಟು ದಪ್ಪವಾಯಿತು. ಬುಸ್ ಅಂದವಳೇ ಬೂದಿಯ ಮುಖಕ್ಕೆ ಪಂಜ ಬೀಸಿದಳು.

ಅವತ್ತಿನಿಂದ ಬೂದಿ ಮಂಚದ ಕೆಳಗೇ ಇದ್ದಾಳೆ. ಹೊರಗೆ ಬಂದರೆ ಸಾಕು, ಚುಕ್ಕಿ ಅಟ್ಟಿಸಿಕೊಂಡು ಹೋಗುತ್ತಾಳೆ. ನಿನ್ನೆ ಬಿಡಿಸಲು ಕೈ ಹಾಕಿದೆ, ಚುಕ್ಕಿ ನನ್ನ ಮುಂಗೈಗೇ ಕಚ್ಚಿದಳು. ಗದರಿದೆ, ಇನ್ನೂ ಜಾಸ್ತಿಯಾಯಿತು. ಇದು ಹೊಟ್ಟೆಕಿಚ್ಚಾ? ಬೂದಿಯನ್ನು ಜಾಸ್ತಿ ಎತ್ತಿಕೊಂಡೆ ಅಂತ ಸೇಡು ತೀರಿಸಿಕೊಳ್ಳುತ್ತಿದ್ದಾಳಾ? ಒಂದನ್ನು ಬೇರೆ ಮನೆಗೆ ಕೊಡಿ ಅಂತ ಕೆಲವರು ಹೇಳುತ್ತಿದ್ದಾರೆ. ನನಗೆ ಊಟ ಸೇರುತ್ತಿಲ್ಲ.

ನೀಲಿಬಾನು:

ಬೆಕ್ಕಿನ ವಿಷಯ ಆಮೇಲೆ, ಮೊದಲು ನಿಮ್ಮ ಕೈ. ಹಲ್ಲು ಇಳಿದಿದ್ದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಇವತ್ತೇ ವೈದ್ಯರಿಗೆ ತೋರಿಸಿ. ಬೆಕ್ಕಿನ ಹಲ್ಲು ಸೂಜಿ ಇದ್ದ ಹಾಗೆ. ಮೇಲೆ ಸಣ್ಣ ತೂತು ಕಾಣುತ್ತದೆ, ಒಳಗೆ ಆಳಕ್ಕೆ ಬ್ಯಾಕ್ಟೀರಿಯಾ ಹೋಗಿ ಕೂತಿರುತ್ತದೆ. ಕೈ ಊದಿಕೊಂಡ ಮೇಲೆ ಓಡುವುದು ಬೇಡ. ರೇಬಿಸ್ ಲಸಿಕೆ ಬೇಕೋ ಬೇಡವೋ ಅಂತಲೂ ಅವರನ್ನೇ ಕೇಳಿ.

ಎರಡನ್ನೂ ಈಗಲೇ ಬೇರೆ ಬೇರೆ ಕೋಣೆಗೆ ಹಾಕಿ. ಮತ್ತೆ ಜಗಳವಾದರೆ ಕೈ ಹಾಕಲೇಬೇಡಿ. ನಡುವೆ ದೊಡ್ಡ ರಟ್ಟೋ ದಿಂಬೋ ಇಳಿಸಿ, ಒಂದಕ್ಕೊಂದು ಕಾಣದ ಹಾಗೆ ಮಾಡಿ.

ಹೊಸಿಲು:

ಮಳೆಹನಿ ಅವರೇ, ಧೈರ್ಯವಾಗಿರಿ. ಇದು ಸೇಡೂ ಅಲ್ಲ, ಹೊಟ್ಟೆಕಿಚ್ಚೂ ಅಲ್ಲ. ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಆಗಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ನೀವು ಬರೆದದ್ದರಲ್ಲೇ ಉತ್ತರ ಇದೆ. ಚುಕ್ಕಿ ಬಾಯಿ ಅರ್ಧ ತೆರೆದು ನಿಂತಳು ಅಂದಿರಲ್ಲ, ಅದಕ್ಕೆ ಫ್ಲೆಮೆನ್ ಅನ್ನುತ್ತಾರೆ. ಬೆಕ್ಕಿನ ಮೇಲಿನ ಮುಂಹಲ್ಲುಗಳ ಹಿಂದೆ, ಅಂಗುಳಿನಲ್ಲಿ ಎರಡು ಸಣ್ಣ ರಂಧ್ರಗಳಿವೆ. ಅವು ಜೇಕಬ್‌ಸನ್ ಅಂಗ ಅನ್ನುವ, ವಾಸನೆ ಗುರುತಿಸುವ ಇನ್ನೊಂದು ಅಂಗಕ್ಕೆ ಹೋಗುತ್ತವೆ. ಮೂಗಿಗೆ ಬಂದ ವಾಸನೆ ಏನು ಅಂತ ಇನ್ನೂ ಸರಿಯಾಗಿ ನೋಡಬೇಕಾದಾಗ ಬೆಕ್ಕು ಅದನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಅಂದರೆ ಆ ಕ್ಷಣದಲ್ಲಿ ಚುಕ್ಕಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದು ಯಾರು?

ನಮಗೆ ಬೂದಿ ಅಂದರೆ ಅವಳ ಮುಖ, ಅವಳ ಬಣ್ಣ. ಚುಕ್ಕಿಗೆ ಬೂದಿ ಅಂದರೆ ಮೊದಲಿಗೆ ಒಂದು ವಾಸನೆ. ಒಟ್ಟಿಗೆ ಬಾಳುವ ಬೆಕ್ಕುಗಳು ಕೆನ್ನೆಗೆ ಕೆನ್ನೆ, ಪಕ್ಕಕ್ಕೆ ಪಕ್ಕ ಉಜ್ಜುತ್ತವೆ. ಕೆನ್ನೆ, ಗದ್ದ, ಹಣೆ, ಬಾಲದ ಬುಡ, ಎಲ್ಲ ಕಡೆ ವಾಸನೆಯ ಗ್ರಂಥಿಗಳಿವೆ. ಹೀಗೆ ಉಜ್ಜಿ ನೆಕ್ಕಿ ಗುಂಪಿಗೆಲ್ಲ ಒಂದೇ ವಾಸನೆ ಬಂದಿರುತ್ತದೆ, ಅದೇ ಅವುಗಳ ಗುರುತು. ಬೂದಿ ಅವತ್ತು ಅದನ್ನು ಕಳೆದುಕೊಂಡು ಬಂದಳು. ಅರಿವಳಿಕೆ, ಸ್ಪಿರಿಟ್, ಬೇರೆ ನಾಯಿ ಬೆಕ್ಕುಗಳ ವಾಸನೆ, ಅದರ ಜೊತೆ ಅವಳದೇ ಭಯದ ವಾಸನೆ. ಮಂಪರಿನಲ್ಲಿ ನಡಿಗೆಯೂ ಬೇರೆಯಾಗಿತ್ತು. ಚುಕ್ಕಿಯ ಲೆಕ್ಕದಲ್ಲಿ ಮನೆಯೊಳಗೆ ಅಪರಿಚಿತ ಬೆಕ್ಕೊಂದು ನುಗ್ಗಿತ್ತು.

ವಿಚಿತ್ರ ಅನ್ನಿಸಬಹುದು, ಆದರೆ ಪ್ರಾಣಿಲೋಕದಲ್ಲಿ ಇದು ತುಂಬಾ ಕಡೆ ಇದೆ. 1958ರಲ್ಲಿ ಜೀವವಿಜ್ಞಾನಿ ಇ. ಒ. ವಿಲ್ಸನ್ ಮತ್ತು ಜೊತೆಗಾರರು ಇರುವೆಗಳ ಮೇಲೆ ಒಂದು ಪ್ರಯೋಗ ಮಾಡಿದರು. ಸತ್ತ ಇರುವೆಯ ಮೈಯಲ್ಲಿ ಉಂಟಾಗುವ ಓಲಿಯಿಕ್ ಆಮ್ಲವನ್ನು ಬದುಕಿರುವ ಇರುವೆಗೆ ಹಚ್ಚಿದರು. ಉಳಿದ ಇರುವೆಗಳು ಅದನ್ನು ಎತ್ತಿಕೊಂಡು ಹೋಗಿ ಕಸದ ರಾಶಿಗೆ ಹಾಕಿದವು. ಅದು ಕಾಲು ಆಡಿಸುತ್ತಿದೆ, ಒದ್ದಾಡುತ್ತಿದೆ, ಆದರೂ ಹೊತ್ತುಕೊಂಡು ಹೋದವು. ಮೈ ಉಜ್ಜಿಕೊಂಡು ವಾಸನೆ ಕಳೆದುಕೊಂಡ ಮೇಲೆಯೇ ಅದನ್ನು ಗೂಡಿನಲ್ಲಿ ಇರಲು ಬಿಟ್ಟದ್ದು.

ಇನ್ನೊಂದು ಓದುವಾಗ ನನಗೆ ಸಂಕಟವಾಯಿತು. 1960ರಲ್ಲಿ ಶ್ಲೈಟ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಕಿವಿ ಕೇಳಿಸದ ಹಾಗೆ ಮಾಡಿದ ಟರ್ಕಿ ಕೋಳಿಗಳ ಬಗ್ಗೆ ವರದಿ ಮಾಡಿದರು. ಅವು ಕಾವಿಗೆ ಕೂತವು, ಮರಿ ಮಾಡಿದವು, ಆಮೇಲೆ ಆ ಮರಿಗಳನ್ನೇ ಕುಕ್ಕಿ ಕೊಂದವು. ತಾಯಿಗೆ ಮರಿ ಅಂದರೆ ಆ ಚಿಂವ್ ಚಿಂವ್ ಸದ್ದು. ಸದ್ದು ಕೇಳದಿದ್ದರೆ ಗೂಡಿನಲ್ಲಿ ಹರಿದಾಡುವುದೆಲ್ಲ ಶತ್ರು. ಆ ತಾಯಿಯನ್ನು ಕ್ರೂರಿ ಅನ್ನಲಾಗುವುದಿಲ್ಲ ಅಲ್ವಾ? ಚುಕ್ಕಿಯನ್ನೂ ಹಾಗೇ ನೋಡಿ.

ಮಳೆಹನಿ:

ಓದುತ್ತಾ ಕಣ್ಣು ತುಂಬಿ ಬಂತು. ಕೈ ತೋರಿಸಿಕೊಂಡು ಬಂದೆ, ಔಷಧಿ ಕೊಟ್ಟಿದ್ದಾರೆ. ಎರಡೂ ಬೇರೆ ಕೋಣೆಯಲ್ಲಿವೆ. ಆದರೆ ಒಂದು ಅನುಮಾನ. ಆಸ್ಪತ್ರೆ ವಾಸನೆ ಇಷ್ಟು ಹೊತ್ತಿಗೆ ಹೋಗಿರಬೇಕಲ್ಲ? ಮೂರು ದಿನವಾದರೂ ಯಾಕೆ ನಿಂತಿಲ್ಲ?

ಹಳೇಕಂಬಳಿ:

ಎರಡಕ್ಕೂ ಒಂದೇ ಸುವಾಸನೆಯ ಪೌಡರ್ ಹಚ್ಚಿ ನೋಡಿ, ಅಥವಾ ಒಂದು ಹನಿ ಲ್ಯಾವೆಂಡರ್ ಎಣ್ಣೆ. ವಾಸನೆಯೇ ಸಮಸ್ಯೆ ಅಂದಮೇಲೆ ಇಬ್ಬರಿಗೂ ಒಂದೇ ವಾಸನೆ ಬರಲಿ.

ಹೊಸಿಲು:

ಹಳೇಕಂಬಳಿ ಅವರೇ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ದಯವಿಟ್ಟು ಎಣ್ಣೆ ಬೇಡ. ಇಂಥ ಪದಾರ್ಥಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತುಂಬಾ ಕಡಿಮೆ. ಮೈಗೆ ಹಚ್ಚಿದ್ದೆಲ್ಲ ನೆಕ್ಕಿ ಹೊಟ್ಟೆಗೂ ಹೋಗುತ್ತದೆ. ಪೌಡರ್ ಕೂಡ ಹಾಗೇ. ಅದೂ ಅಲ್ಲದೆ, ಇಬ್ಬರೂ ಅಪರಿಚಿತರ ಹಾಗೆ ನಾರಿದರೆ ಗುರುತು ಇನ್ನೂ ಕೆಡುತ್ತದೆ. ನಮಗೆ ಬೇಕಾದದ್ದು ಅವುಗಳದೇ ವಾಸನೆ.

ಮಳೆಹನಿ ಅವರೇ, ನೀವು ಕೇಳಿದ್ದೇ ಮುಖ್ಯವಾದ ಪ್ರಶ್ನೆ. ಶುರುವಾದದ್ದು ವಾಸನೆಯಿಂದ. ಈಗ ನಡೆಯುತ್ತಿರುವುದು ನೆನಪಿನಿಂದ. ಮೊದಲ ಪೆಟ್ಟಿಗೆ ಬೂದಿ ಹೆದರಿದಳು. ಈಗ ಚುಕ್ಕಿಯನ್ನು ಕಂಡರೆ ಮೈ ಕುಗ್ಗಿಸುತ್ತಾಳೆ, ಓಡುತ್ತಾಳೆ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಬೇಟೆಯಾಡುವ ಪ್ರಾಣಿಯ ಹುಟ್ಟುಗುಣ. ಪ್ರತಿ ಸಲ ಬೆನ್ನಟ್ಟಿದಾಗಲೂ ಚುಕ್ಕಿಗೆ "ಅವಳು ಹೊರಗಿನವಳು" ಅನ್ನುವುದು ಗಟ್ಟಿ, ಬೂದಿಗೆ "ಅವಳು ಅಪಾಯ" ಅನ್ನುವುದು ಗಟ್ಟಿ. ನೀವು ಗದರಿದ್ದೂ ಅದಕ್ಕೇ ಸೇರಿತು. ಬೂದಿ ಕಂಡಾಗಲೆಲ್ಲ ಕೆಟ್ಟದ್ದಾಗುತ್ತದೆ ಅಂತ ಚುಕ್ಕಿ ಕಲಿತಳು. ನಿಮ್ಮ ತಪ್ಪಲ್ಲ ಇದು, ಯಾರಿಗೂ ಹಾಗೇ ತೋಚುವುದು.

ಬೆಕ್ಕು ಒಮ್ಮೆ ಕೆರಳಿದರೆ ತಣ್ಣಗಾಗಲು ಗಂಟೆಗಟ್ಟಲೆ ಬೇಕು, ಕೆಲವೊಮ್ಮೆ ದಿನಗಟ್ಟಲೆ. ನಿಮಗೆ ಕಚ್ಚಿದ್ದೂ ಹಾಗೆ ಕೆರಳಿದ್ದಾಗಲೇ. ಕೋಪ ಬೂದಿಯ ಮೇಲೆ, ಹತ್ತಿರ ಸಿಕ್ಕಿದ್ದು ನಿಮ್ಮ ಕೈ.

ಹಾಗಾಗಿ ಹೊಸ ಬೆಕ್ಕನ್ನು ಮನೆಗೆ ಸೇರಿಸುವ ಹಾಗೆ ಮೊದಲಿಂದ ಶುರು ಮಾಡಿ. ಎರಡು ಮೂರು ದಿನ ಒಂದರ ಕಣ್ಣಿಗೆ ಇನ್ನೊಂದು ಬೀಳುವುದೇ ಬೇಡ. ಇಬ್ಬರಿಗೂ ಬೇರೆ ನೀರು, ಬೇರೆ ಲಿಟರ್ ಬಾಕ್ಸ್, ಹತ್ತಿ ಕೂರಲು ಎತ್ತರದ ಜಾಗ. ಮೆತ್ತನೆಯ ಬಟ್ಟೆಯಿಂದ ಬೂದಿಯ ಕೆನ್ನೆ ಒರೆಸಿ. ಬಾಯಿ ಹತ್ತಿರ ನೋವಿರುತ್ತದೆ, ಮೆಲ್ಲಗೆ. ಆ ಬಟ್ಟೆಯನ್ನು ಚುಕ್ಕಿಯ ಕೋಣೆಯಲ್ಲಿ ಸುಮ್ನೆ ಇಡಿ, ಮೂಗಿಗೆ ಹಿಡಿಯಬೇಡಿ. ಚುಕ್ಕಿಯದನ್ನು ಬೂದಿಗೆ. ಬುಸುಗುಟ್ಟಿದರೆ ಪರವಾಗಿಲ್ಲ. ಬುಸುಗುಡುವುದು "ದೂರ ಇರು" ಅನ್ನುವ ಮಾತು ಅಷ್ಟೇ. ಅದು ನಿಂತ ಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಊಟ ಇಡಿ. ತಟ್ಟೆ ಬಾಗಿಲಿನಿಂದ ಎಷ್ಟು ದೂರ ಇದ್ದರೆ ಇಬ್ಬರೂ ನಿರಾಳವಾಗಿ ತಿನ್ನುತ್ತಾರೋ ಅಷ್ಟು ದೂರ. ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ. ಆ ವಾಸನೆ ಬಂದಾಗಲೆಲ್ಲ ರುಚಿಯಾದದ್ದು ಸಿಗುತ್ತದೆ ಅಂತ ಆಗಬೇಕು. ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲಿ ಕಂಡುಕೊಂಡ ಕಲಿಕೆಯೇ ಇದು.

ಬೂದಿಗೆ ಇನ್ನೂ ನೋವಿದೆಯಾ ಅಂತ ಡಾಕ್ಟರನ್ನು ಕೇಳಿ. ನೋವಿದ್ದರೆ ಅವಳ ನಿಲುವು, ನಡಿಗೆ ಬೇರೆಯೇ ಇರುತ್ತದೆ, ಚುಕ್ಕಿಗೆ ಅದು ಗೊತ್ತಾಗುತ್ತದೆ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಮಳೆಹನಿ:

ಆರನೇ ದಿನ. ಬಟ್ಟೆಗೆ ಚುಕ್ಕಿ ಮೊದಲು ಬುಸುಗುಟ್ಟಿದಳು. ನಿನ್ನೆ ಅದರ ಮೇಲೆ ಕೆನ್ನೆ ಉಜ್ಜಿದಳು! ಬಾಗಿಲಿನ ಹತ್ತಿರ ಊಟವೂ ನಡೆಯುತ್ತಿದೆ. ಇವತ್ತೇ ಬಿಟ್ಟು ನೋಡಲಾ?

ನೀಲಿಬಾನು:

ಬೇಡ ಬೇಡ. ಇಲ್ಲೇ ಎಲ್ಲರೂ ಎಡವುವುದು. ಮೊದಲು ಬಾಗಿಲು ಎರಡು ಬೆರಳಿನಷ್ಟು ಮಾತ್ರ ತೆರೆದು, ಅಲ್ಲಾಡದ ಹಾಗೆ ಏನಾದರೂ ಅಡ್ಡ ಕೊಡಿ. ಊಟದ ಹೊತ್ತಿಗೆ ಮಾತ್ರ, ಎರಡು ಮೂರು ನಿಮಿಷ. ಚುಕ್ಕಿ ಕಣ್ಣು ಮಿಟುಕಿಸದೆ ನೆಟ್ಟ ನೋಟ ನೋಡಿದರೆ, ಬಾಲದ ತುದಿ ಪಟಪಟ ಆಡಿದರೆ ಮುಚ್ಚಿಬಿಡಿ.

ಮಳೆಹನಿ:

ಒಂಬತ್ತನೇ ದಿನ. ಕೆಟ್ಟ ಸುದ್ದಿ. ಮನೆಗೆ ಬಂದವರು ಗೊತ್ತಿಲ್ಲದೆ ಬಾಗಿಲು ಪೂರ್ತಿ ತೆಗೆದರು. ಚುಕ್ಕಿ ಬಾಣದಂತೆ ಹೋದಳು. ಬೂದಿ ಹೆದರಿ ಅಲ್ಲೇ ಉಚ್ಚೆ ಹೊಯ್ದುಕೊಂಡಳು. ರಟ್ಟು ಇಳಿಸಿ ಬಿಡಿಸಿದೆ. ಗಾಯ ಆಗಿಲ್ಲ. ಮತ್ತೆ ಮೊದಲಿಂದಲಾ?

ಹೊಸಿಲು:

ಪೂರ್ತಿ ಮೊದಲಿಂದ ಅಲ್ಲ. ಒಂದೆರಡು ದಿನ ಬಾಗಿಲು ಮುಚ್ಚಿ, ಆಮೇಲೆ ಮುಚ್ಚಿದ ಬಾಗಿಲಿನ ಊಟದಿಂದ ಮುಂದುವರಿಸಿ. ಹಿಂದೆ ಕಲಿತದ್ದು ಅಳಿಸಿಹೋಗುವುದಿಲ್ಲ. ಉಚ್ಚೆಯಾದ ಜಾಗವನ್ನು ಕಿಣ್ವ (ಎಂಜೈಮ್) ಇರುವ ಕ್ಲೀನರ್‌ನಿಂದ ತೊಳೆಯಿರಿ, ಇಲ್ಲದಿದ್ದರೆ ಭಯದ ಗುರುತು ಅಲ್ಲೇ ಉಳಿಯುತ್ತದೆ. ಅಮೋನಿಯಾ ಇರುವ ಕ್ಲೀನರ್ ಬೇಡ, ಬೆಕ್ಕಿಗೆ ಅದೂ ಉಚ್ಚೆಯ ಹಾಗೇ ಅನ್ನಿಸಬಹುದು. ಬೂದಿ ಉಚ್ಚೆಗೆ ಪದೇ ಪದೇ ಕೂತರೆ, ಹನಿ ಹನಿ ಹೋದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಒತ್ತಡಕ್ಕೆ ಬೆಕ್ಕಿನ ಮೂತ್ರಕೋಶವೇ ಊದಿಕೊಳ್ಳುವುದುಂಟು.

ಮಳೆಹನಿ:

ಹತ್ತೊಂಬತ್ತನೇ ದಿನ. ಬೂದಿಯ ಉಚ್ಚೆ ಸರಿಯಿದೆ. ಎರಡೂ ಒಂದೇ ಕೋಣೆಯಲ್ಲಿ, ಹತ್ತು ನಿಮಿಷದಿಂದ ಶುರು ಮಾಡಿ ಈಗ ಅರ್ಧ ದಿನ. ರಾತ್ರಿ ಇನ್ನೂ ಬೇರೆಯೇ. ಇವತ್ತು ಮಧ್ಯಾಹ್ನ ಬೂದಿ ಕಿಟಕಿ ಹತ್ತಿರ ಮಲಗಿದ್ದಳು. ಚುಕ್ಕಿ ನಿಧಾನ ಬಂದಳು, ಬಾಲ ನೆಟ್ಟಗೆ ಮೇಲೆ, ತುದಿ ಮಾತ್ರ ಸ್ವಲ್ಪ ಬಾಗಿತ್ತು. ನಾನು ಉಸಿರು ಹಿಡಿದು ಕೂತಿದ್ದೆ. ಮೂಗಿಗೆ ಮೂಗು ತಾಗಿಸಿದಳು. ಆಮೇಲೆ ಬೂದಿಯ ಎಡಗಿವಿ ನೆಕ್ಕತೊಡಗಿದಳು, ಮೊದಲಿನ ಹಾಗೇ, ಬುಡದಿಂದ ತುದಿಗೆ.

ಬೂದಿಯನ್ನು ತಪಾಸಣೆಗೆ ಇನ್ನೊಂದು ಸಲ ಕರೆದುಕೊಂಡು ಹೋಗಬೇಕು. ಮತ್ತೆ ಹೀಗಾಗದ ಹಾಗೆ ಏನು ಮಾಡಲಿ?

ಹೊಸಿಲು:

ಓದಿ ತುಂಬಾ ಖುಷಿಯಾಯಿತು! ಇಬ್ಬರೂ ಹಾಯಾಗಿ ಮಲಗಿದ ಹಾಸನ್ನು ಕ್ಯಾರಿಯರ್‌ನಲ್ಲಿ ಹಾಕಿ. ಅಂಥದ್ದೇ ಇನ್ನೊಂದನ್ನು ಮನೆಯಲ್ಲೇ ತೊಳೆಯದೆ ಇಟ್ಟಿರಿ. ವಾಪಸ್ ಬಂದ ಕೂಡಲೇ ಬೂದಿಯನ್ನು ಬೇರೆ ಕೋಣೆಗೆ ಬಿಡಿ, ಆ ಎರಡನೇ ಹಾಸಿನ ಮೇಲೆ. ಒಂದು ರಾತ್ರಿ ಹಾಗೇ ಇರಲಿ. ಅಷ್ಟರಲ್ಲಿ ಮೈಯೆಲ್ಲ ನೆಕ್ಕಿಕೊಂಡು ಅವಳದೇ ವಾಸನೆ ಮರಳಿ ತಂದುಕೊಳ್ಳುತ್ತಾಳೆ. ಬೆಳಿಗ್ಗೆ ಬಾಗಿಲಿನ ಆಚೆ ಈಚೆ ಒಂದು ಊಟ, ಆಮೇಲೆ ಬಿಡಿ. ಬೂದಿಗೆ ಆಸ್ಪತ್ರೆಯ ಭಯ ಜಾಸ್ತಿ ಇದ್ದರೆ ಹೋಗುವ ಮೊದಲು ಕೊಡುವ ಔಷಧಿ ಇದೆ, ಡಾಕ್ಟರನ್ನೇ ಕೇಳಿ.

ಮಳೆಹನಿ:

ಹಾಸು ಈಗಲೇ ಎತ್ತಿಡೋಣ ಅಂತ ಹೋದೆ. ಎರಡೂ ಅದರ ಮೇಲೇ ಮಲಗಿವೆ. ಎದ್ದ ಮೇಲೆ ತೆಗೆದಿಡುತ್ತೇನೆ.