ಚರ್ಮದ ಬ್ಯಾಗಿಗೆ ಗೀರು ಬಿತ್ತಾ? ರಿಪೇರಿ ಮಾಡುವವರನ್ನೇ ಕೇಳಿ

ಎಲ್ಲರಿಗೂ ನಮಸ್ಕಾರ. ಚರ್ಮದ ಬ್ಯಾಗು, ಪರ್ಸು ರಿಪೇರಿ ಮಾಡುವುದು, ಹೋದ ಬಣ್ಣ ಮತ್ತೆ ಹಾಕುವುದು ನನ್ನ ಕೆಲಸ. 18 ವರ್ಷ ಆಯಿತು. ಗ್ರೂಪಿನಲ್ಲಿ ತುಂಬಾ ಜನ ಗೀರಿನ ಬಗ್ಗೆ ಕೇಳುತ್ತಿದ್ದೀರಿ, ಎಲ್ಲಾ ಒಂದೇ ಕಡೆ ಇರಲಿ ಅಂತ ಈ ಪೋಸ್ಟ್ ಹಾಕಿದ್ದೇನೆ. ಕೇಳುವಾಗ ಬ್ಯಾಗಿನ ಬಣ್ಣ ಯಾವುದು, ಗೀರು ಎಲ್ಲಿದೆ, ಇದುವರೆಗೆ ಅದರ ಮೇಲೆ ಏನೇನು ಹಚ್ಚಿದ್ದೀರಿ ಅಂತ ದಯವಿಟ್ಟು ಬರೆಯಿರಿ. ಕೊನೆಯದನ್ನು ಮುಚ್ಚಿಡಬೇಡಿ. ನನ್ನ ಮೇಜಿಗೆ ಬರುವ ಬ್ಯಾಗುಗಳಲ್ಲಿ ಎಷ್ಟೋ ಸಲ ಗೀರು ಸಣ್ಣದಿರುತ್ತದೆ, ಅದನ್ನು ತೆಗೆಯಲು ಹೋಗಿ ಆದ ಕಲೆ ದೊಡ್ಡದಿರುತ್ತದೆ.

ಪ್ರಶ್ನೆ: ಸರ್, ಬ್ಯಾಗು ತಗೊಂಡು ತಿಂಗಳೂ ಆಗಿಲ್ಲ. ಕಂದು ಬಣ್ಣ. ಕೀ ಗೊಂಚಲು ತಾಗಿ ಮುಂದುಗಡೆ ಬೆರಳುದ್ದ ಬಿಳಿ ಗೀರು ಬಿದ್ದಿದೆ. ಹೆದರಿಕೆಯಿಂದ ಏನೂ ಹಚ್ಚಿಲ್ಲ. ಏನು ಮಾಡಲಿ?

ಉತ್ತರ: ಏನೂ ಹಚ್ಚದೆ ಕೇಳಿದ್ದು ತುಂಬಾ ಒಳ್ಳೆಯದಾಯಿತು ಮೇಡಂ. ಮೊದಲು ಬ್ಯಾಗಿನ ತಳದಲ್ಲೋ ಮುಚ್ಚಳದ ಒಳಬದಿಯಲ್ಲೋ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದೇ ಒಂದು ಹನಿ ನೀರು ಇಟ್ಟು ಒಂದು ನಿಮಿಷ ನೋಡಿ. ಹನಿ ಮಣಿಯ ಹಾಗೆ ನಿಂತೇ ಇದ್ದರೆ ಚರ್ಮದ ಮೇಲೆ ಬಣ್ಣದ ಲೇಪ ಇದೆ ಅಂತ ಅರ್ಥ. ಹನಿ ಒಳಗೆ ಇಳಿದು ಆ ಜಾಗ ಗಾಢವಾದರೆ ಲೇಪ ಇಲ್ಲ, ಇದ್ದರೂ ತೀರಾ ತೆಳು, ಬಣ್ಣ ಚರ್ಮದ ಒಳಗೇ ಇದೆ. ಈ ಎರಡು ಥರದ ಚರ್ಮಕ್ಕೆ ಮದ್ದು ಬೇರೆ ಬೇರೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದನ್ನು ಕೆಡಿಸುತ್ತದೆ. ಇದು ತಿಳಿಯದೆ ಯಾವ ಡಬ್ಬಿಯ ಮುಚ್ಚಳವನ್ನೂ ತೆಗೆಯಬೇಡಿ.

ಆಮೇಲೆ ಗೀರನ್ನು ನೋಡಿ. ಬ್ಯಾಗನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಉಗುರಿನ ತುದಿಯನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಎಳೆಯಿರಿ. ಉಗುರು ಎಲ್ಲೂ ತಡೆಯದೆ ಜಾರಿಹೋದರೆ ಅದು ಬರೀ ಮೇಲಿನ ತರಚು. ತಡೆದರೆ ಚರ್ಮದ ಎಳೆಯೇ ಕಡಿದಿದೆ. ಇನ್ನೊಂದು ಉಪಾಯ ಇದೆ. ಬೆರಳ ತುದಿಯನ್ನು ಸ್ವಲ್ಪ ಒದ್ದೆ ಮಾಡಿ ಗೀರಿನ ಮೇಲೆ ಒಮ್ಮೆ ಸವರಿ. ಆ ಒದ್ದೆಯಲ್ಲಿ ಬಿಳಿ ಗೆರೆ ಕಾಣದಂತಾಗಿ, ಒಣಗಿದ ಮೇಲೆ ಮತ್ತೆ ಕಂಡರೆ, ಅದು ಹೆಚ್ಚಾಗಿ ಕ್ರೀಮಿಗೇ ಹೋಗುವ ಗೀರು. ನಿಮ್ಮದು ಹಾಗೇ ಇರಬಹುದು ಅಂತ ನನ್ನ ಅಂದಾಜು. ಎರಡೂ ಮಾಡಿ ತಿಳಿಸಿ.

ಪ್ರಶ್ನೆ: ಅದೇ ಬ್ಯಾಗಿನವಳು ಸರ್. ಹನಿ ನಿಧಾನಕ್ಕೆ ಹೀರಿಕೊಂಡಿತು. ಉಗುರು ತಡೆಯಲಿಲ್ಲ. ಒದ್ದೆ ಮಾಡಿದಾಗ ಗೀರು ಮಾಯ, ಈಗ ಮತ್ತೆ ಬಂದಿದೆ.

ಉತ್ತರ: ಹಾಗಾದರೆ ಚಿಂತೆ ಬೇಡ. ಇಂಥ ಚರ್ಮದಲ್ಲಿ ಹದ ಮಾಡುವಾಗ ಸೇರಿಸಿದ ಎಣ್ಣೆ, ಮೇಣ ಇರುತ್ತದೆ. ಕೀ ತಾಗಿದ ಜಾಗದಲ್ಲಿ ಅದು ಪಕ್ಕಕ್ಕೆ ಸರಿದು ಎಳೆ ಎದ್ದಿರುತ್ತದೆ, ಅದಕ್ಕೇ ಬೆಳ್ಳಗೆ ಕಾಣುತ್ತದೆ. ಮೊದಲು ಕೈ ಚೆನ್ನಾಗಿ ತೊಳೆದು ಒರೆಸಿಕೊಂಡು, ಹೆಬ್ಬೆರಳಿನಿಂದ ಗೀರಿನ ಮೇಲೆ ಸಣ್ಣ ಸಣ್ಣ ಸುತ್ತಿನಲ್ಲಿ ಒಂದೆರಡು ನಿಮಿಷ ತೀಡಿ. ಬೆರಳಿನ ಬಿಸಿಗೆ ಆ ಮೇಣ ಮೆತ್ತಗಾಗಿ ಮತ್ತೆ ಹರಡಿಕೊಳ್ಳುತ್ತದೆ. ಎಷ್ಟೋ ಗೀರು ಇಷ್ಟಕ್ಕೇ ಹೋಗುತ್ತದೆ. ಉಳಿದರೆ ಬಣ್ಣ ಇಲ್ಲದ ಲೆದರ್ ಕ್ರೀಮನ್ನು ಬಿಳಿ ಹತ್ತಿ ಬಟ್ಟೆಗೆ ಹಚ್ಚಿಕೊಳ್ಳಿ, ಬಟಾಣಿ ಕಾಳಿಗಿಂತ ಜಾಸ್ತಿ ಬೇಡ. ಬ್ಯಾಗಿನ ಮೇಲೆ ನೇರವಾಗಿ ಸುರಿಯಬೇಡಿ. ಮೊದಲು ತಳದಲ್ಲಿ ಹಚ್ಚಿ ಒಂದು ರಾತ್ರಿ ಬಿಟ್ಟು ಬಣ್ಣ ಗಾಢವಾಯಿತಾ ನೋಡಿ. ಸರಿ ಇದ್ದರೆ ಗೀರಿನ ಜಾಗಕ್ಕೆ ಮಾತ್ರ ಹಚ್ಚದೆ ಆ ಮುಖಕ್ಕೆ ಪೂರ್ತಿ, ಹೊಲಿಗೆಯಿಂದ ಹೊಲಿಗೆಯ ತನಕ ತೆಳ್ಳಗೆ ಸವರಿ. ಇಲ್ಲದಿದ್ದರೆ ಗೀರು ಹೋಗಿ ಅಲ್ಲೊಂದು ಕಪ್ಪು ಮಚ್ಚೆ ಕೂರುತ್ತದೆ.

ಪ್ರಶ್ನೆ: ಸರ್, ನನ್ನದು ಕಪ್ಪು ಆಫೀಸ್ ಬ್ಯಾಗು. ತಳದ ನಾಲ್ಕೂ ಮೂಲೆ ಉಜ್ಜಿ ಉಜ್ಜಿ ಬೂದು ಬಣ್ಣಕ್ಕೆ ತಿರುಗಿವೆ. ಮನೆಯಲ್ಲಿ ಕಪ್ಪು ಶೂ ಪಾಲಿಶ್ ಇದೆ, ಹಚ್ಚಿಬಿಡಲಾ?

ಉತ್ತರ: ಬೇಡ ಸರ್, ದಯವಿಟ್ಟು ಬೇಡ. ಶೂ ಕಾಲಲ್ಲಿ ಇರುತ್ತದೆ, ಬ್ಯಾಗು ಬಟ್ಟೆಗೆ ತಾಗಿಕೊಂಡೇ ಇರುತ್ತದೆ. ಪಾಲಿಶಿನ ಬಣ್ಣ ಮೇಣದಲ್ಲಿ ಕಲೆಸಿದ್ದು, ಮೇಲೇ ಕೂತಿರುತ್ತದೆ. ಬೆವರು, ಬಿಸಿಲು, ಉಜ್ಜಾಟ ಸಿಕ್ಕರೆ ನಿಮ್ಮ ಪ್ಯಾಂಟಿಗೆ ಬರುತ್ತದೆ. ಅದೂ ಅಲ್ಲದೆ ನಾಳೆ ಸರಿಯಾಗಿ ಬಣ್ಣ ಹಾಕಿಸಬೇಕು ಅಂದರೆ ಆ ಮೇಣವನ್ನು ಪೂರ್ತಿ ತೆಗೆಯಬೇಕು, ಮೇಣದ ಮೇಲೆ ಬಣ್ಣ ನಿಲ್ಲುವುದಿಲ್ಲ.

ಮೂಲೆ ಸವೆಯುವುದು ಸಹಜ. ಬ್ಯಾಗು ಕೆಳಗಿಟ್ಟಾಗ, ನಡೆಯುವಾಗ ಎಲ್ಲಾ ಭಾರ, ಎಲ್ಲಾ ಉಜ್ಜಾಟ ಮೂಲೆಗೇ. ಅಲ್ಲಿ ಚರ್ಮವನ್ನು ಎಳೆದು ಮಡಚಿರುತ್ತಾರೆ, ಲೇಪವೂ ಬಿಗಿದು ತೆಳ್ಳಗಾಗಿರುತ್ತದೆ. ನಿಮ್ಮದರಲ್ಲಿ ಆ ಲೇಪ ಹೋಗಿ ಕೆಳಗಿನ ಚರ್ಮ ಕಾಣುತ್ತಿದೆ. ಹೋದ ಬಣ್ಣವನ್ನು ಯಾವ ಕಂಡೀಷನರ್ (ಚರ್ಮ ಮೆತ್ತಗಿಡುವ ಕ್ರೀಮು) ಕೂಡ ವಾಪಸ್ ತರುವುದಿಲ್ಲ, ಬಣ್ಣವನ್ನೇ ಹಾಕಬೇಕು.

ಮನೆಯಲ್ಲೇ ಮಾಡಬಹುದು, ಆತುರ ಇರಬಾರದು ಅಷ್ಟೇ. ಚರ್ಮಕ್ಕೇ ಅಂತ ಸಿಗುವ ನೀರು ಬೆರೆಯುವ ಅಕ್ರಿಲಿಕ್ ಬಣ್ಣ ತಗೊಳ್ಳಿ. ಮೂಲೆಯನ್ನು ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಸ್ಪಿರಿಟ್ ಅದ್ದಿದ ಹತ್ತಿಯಿಂದ ಸವೆದ ಜಾಗವನ್ನು ಮಾತ್ರ ಒಮ್ಮೆ ಒರೆಸಿ, ಕೂತಿರುವ ಜಿಡ್ಡು ಹೋಗಲಿ. ಬೇರೆ ಎಲ್ಲೂ ಸ್ಪಿರಿಟ್ ತಾಗಬಾರದು, ಅದು ಲೇಪವನ್ನು ಕರಗಿಸುತ್ತದೆ. ಎದ್ದಿರುವ ನಾರನ್ನು 800 ಅಥವಾ 1000 ನಂಬರಿನ ನುಣುಪು ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ತೀಡಿ ಪುಡಿ ಒರೆಸಿ. ಈಗ ಸ್ಪಂಜಿನ ಸಣ್ಣ ತುಂಡಿಗೆ ಬಣ್ಣ ತಗೊಂಡು, ಮೊದಲು ಒಂದು ಕಾಗದದ ಮೇಲೆ ಒತ್ತಿ ಜಾಸ್ತಿಯಾದದ್ದನ್ನು ಬಿಟ್ಟು, ಆಮೇಲೆ ಮೂಲೆಯ ಮೇಲೆ ತಟ್ಟಿ ತಟ್ಟಿ ಹಾಕಿ. ಎಳೆಯಬೇಡಿ. ಮೊದಲ ಕೈಯಲ್ಲಿ ಮೂಲೆ ಅರ್ಧಂಬರ್ಧ, ಮಚ್ಚೆ ಮಚ್ಚೆಯಾಗಿ ಕಾಣುತ್ತದೆ. ಎಲ್ಲರೂ ಗಾಬರಿಯಾಗಿ ದಪ್ಪಗೆ ಬಳಿಯುವುದು ಇಲ್ಲೇ. ತಡೆಯಿರಿ. ಅರ್ಧ ಗಂಟೆ ಒಣಗಿಸಿ ಎರಡನೇ ಕೈ, ಮತ್ತೆ ಒಣಗಿಸಿ ಮೂರನೆಯದು. ತೆಳ್ಳಗೆ ಮೂರು ನಾಲ್ಕು ಸಲ ಹಾಕಿದ್ದು ಬಾಗಿದರೂ ಬಿರಿಯುವುದಿಲ್ಲ. ಒಂದೇ ಸಲ ದಪ್ಪಗೆ ಬಳಿದದ್ದು ತಿಂಗಳೊಳಗೆ ಸಿಪ್ಪೆ ಏಳುತ್ತದೆ. ಕೊನೆಗೆ ಅದೇ ಬಣ್ಣದ ಜೊತೆ ಸಿಗುವ ಫಿನಿಶರ್, ಅಂದರೆ ಬಣ್ಣವನ್ನು ಕಾಯುವ ಮೇಲ್ಲೇಪ, ಒಂದು ಕೈ ಹಾಕಿ ಒಂದು ದಿನ ಮುಟ್ಟಬೇಡಿ.

ಒಂದು ಮಾತು ಗಮನದಲ್ಲಿರಲಿ, ಕಪ್ಪಿನಲ್ಲೂ ಹಲವು ಕಪ್ಪು ಇದೆ. ಕೆಲವು ನೀಲಿಗೆ ಎಳೆಯುತ್ತವೆ, ಕೆಲವು ಕಂದಿಗೆ. ಹಗಲು ಬೆಳಕಿನಲ್ಲಿ, ಮೊದಲು ತಳದ ಒಂದು ಮೂಲೆಯಲ್ಲಿ ಹಾಕಿ ನೋಡಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಹಚ್ಚಿದರೆ ಗೀರು ಹೋಗುತ್ತೆ ಅಂತ ವಿಡಿಯೋದಲ್ಲಿ ನೋಡಿದೆ. ಹಚ್ಚಿದೆ, ನಿಜವಾಗಲೂ ಹೋಯಿತು! ಏನಾದರೂ ತೊಂದರೆ ಇದೆಯಾ ಸರ್?

ಉತ್ತರ: ಎಣ್ಣೆ ಹೀರಿಕೊಳ್ಳುವ ಚರ್ಮ ಹಚ್ಚಿದ ಕೂಡಲೇ ಗಾಢವಾಗುತ್ತದೆ, ಗೀರು ಅದರಲ್ಲಿ ಮುಚ್ಚಿಹೋಗುತ್ತದೆ. ವಿಡಿಯೋ ಅಲ್ಲಿಗೇ ಮುಗಿಯುತ್ತದೆ ಅಲ್ವಾ, ಆರು ತಿಂಗಳ ನಂತರದ್ದನ್ನು ಯಾರೂ ತೋರಿಸುವುದಿಲ್ಲ. ಅಡುಗೆಮನೆಯ ಎಣ್ಣೆಗಳು ಒಂದೇ ಸಮನಾಗಿ ಹರಡುವುದಿಲ್ಲ, ಅಲ್ಲಲ್ಲಿ ಕಲೆ ನಿಲ್ಲುತ್ತದೆ. ಧೂಳು ಹಿಡಿಯುತ್ತದೆ. ಎಷ್ಟೋ ಎಣ್ಣೆಗಳು ಹಳತಾದ ಮೇಲೆ ಕಮಟು ವಾಸನೆ ಬರುತ್ತದೆ, ಒಳಗೆ ಇಳಿದದ್ದನ್ನು ತೆಗೆಯಲು ನಮ್ಮಿಂದಲೂ ಕಷ್ಟ. ಈಗ ಹಚ್ಚಿದ್ದಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಒಣ ಬಿಳಿ ಬಟ್ಟೆಯಿಂದ ಎರಡು ಮೂರು ದಿನ ಒತ್ತಿ ಒತ್ತಿ ಮೇಲಿರುವುದನ್ನು ತೆಗೆಯಿರಿ, ಇನ್ನು ಹಚ್ಚಬೇಡಿ.

ಪ್ರಶ್ನೆ: ಮಗುವಿನ ವೆಟ್ ವೈಪ್ಸ್ ಮೃದು ಅಲ್ವಾ? ನಾನು ವಾರಕ್ಕೊಮ್ಮೆ ಬ್ಯಾಗು ಅದರಲ್ಲೇ ಒರೆಸುತ್ತೇನೆ. ಈಗ ಹಿಡಿಯ ಹತ್ತಿರ ಅಂಟಂಟಾಗಿದೆ.

ಉತ್ತರ: ಮಗುವಿನ ಚರ್ಮ ಬದುಕಿರುವ ಚರ್ಮ, ದಿನಾ ಹೊಸದಾಗಿ ಬೆಳೆಯುತ್ತದೆ. ಬ್ಯಾಗಿನ ಲೇಪ ಹೋದದ್ದು ಹೋಯಿತು. ವೈಪ್ಸಿನಲ್ಲಿ ಕೊಳೆ ಬಿಡಿಸುವ ಅಂಶ ಇರುತ್ತದೆ, ವಾರ ವಾರ ಒರೆಸಿದರೆ ಲೇಪ ಮೆತ್ತಗಾಗುತ್ತಾ ಹೋಗುತ್ತದೆ. ಹಿಡಿಗೆ ಮೊದಲೇ ಕೈಯ ಬೆವರು, ಜಿಡ್ಡು ಕುಡಿಸಿರುತ್ತೀರಿ, ಅದಕ್ಕೇ ಅಲ್ಲಿ ಮೊದಲು ಅಂಟು. ಸಾಮಾನ್ಯ ಸೋಪೂ ಬೇಡ. ಹದ ಮಾಡಿದ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿ, ಕ್ಷಾರದ ಅಳತೆ) ಸುಮಾರು 4ರಿಂದ 5. ಸೋಪಿನ ಬಾರು 9, 10ರ ಹತ್ತಿರ ಇರುತ್ತದೆ, ಎರಡಕ್ಕೂ ಆಗಿಬರುವುದಿಲ್ಲ. ವಾರಕ್ಕೊಮ್ಮೆ ಒಣ ಮೆತ್ತನೆ ಬಟ್ಟೆ ಸಾಕು. ಕ್ರೀಮು ವರ್ಷಕ್ಕೆ ಎರಡು ಮೂರು ಸಲ ಸಾಕು.

ಪ್ರಶ್ನೆ: ಬಾಲ್ ಪೆನ್ ಗೀಟು ಬಿದ್ದಿದೆ, ನೇಲ್ ಪಾಲಿಶ್ ರಿಮೂವರ್?

ಉತ್ತರ: ಮುಟ್ಟಲೇಬೇಡಿ. ಅದರಲ್ಲಿರುವ ಅಸಿಟೋನು ಇಂಕಿನ ಜೊತೆ ಬ್ಯಾಗಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ನಾನು ಕೆಲಸ ಕಲಿಯುವಾಗ ಒಬ್ಬರ ಕೆನೆ ಬಣ್ಣದ ಬ್ಯಾಗಿನ ಪೆನ್ ಗೀಟಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಗೀಟು ಅಂಗೈ ಅಗಲದ ನೀಲಿ ಕಲೆಯಾಯಿತು, ಹತ್ತಿಗೆ ಕೆನೆ ಬಣ್ಣ ಅಂಟಿತು. ಇಡೀ ಮುಖಕ್ಕೆ ಮತ್ತೆ ಬಣ್ಣ ಹಾಕಬೇಕಾಯಿತು. ಆ ಹತ್ತಿ ಉಂಡೆ ಇವತ್ತಿಗೂ ಕಣ್ಣ ಮುಂದಿದೆ. ಇಂಕು ಬಿದ್ದ ಕೂಡಲೇ ಒಣ ಟಿಶ್ಯೂ ಒತ್ತಿ ಎತ್ತಿ, ಉಜ್ಜದೆ. ಒಣಗಿದ್ದರೆ ಗೊತ್ತಿರುವವರ ಕೈಗೆ ಕೊಡಿ.

ಪ್ರಶ್ನೆ: ಕನ್ನಡಿ ಥರ ಹೊಳೆಯುವ ಕೆಂಪು ಬ್ಯಾಗಿನ ಮೇಲೆ ಮಸುಕು ಗೀರು ಇದೆ. ಕ್ರೀಮ್ ಹಾಕಿದರೆ ಒಳಗೇ ಹೋಗುತ್ತಿಲ್ಲ.

ಉತ್ತರ: ಹೋಗುವುದಿಲ್ಲ ಮೇಡಂ, ಅದು ಪೇಟೆಂಟ್ ಲೆದರ್. ಮೇಲೆ ಪ್ಲಾಸ್ಟಿಕ್ಕಿನಂಥ ಪದರ ಇದೆ. ಹಿಂಡಿದ ಬಟ್ಟೆಯಿಂದ ಒರೆಸಿ, ಪೇಟೆಂಟ್ ಲೆದರ್‌ಗೇ ಇರುವ ಕ್ಲೀನರ್ ಹಾಕಿ ನೋಡಿ. ಇನ್ನೊಂದು ವಸ್ತುವಿನಿಂದ ಅಂಟಿದ ಮಸುಕಾದರೆ ಹೋಗುತ್ತದೆ. ಪದರವೇ ಗೀರಿದ್ದರೆ ಹೋಗುವುದಿಲ್ಲ. ಬೇರೆ ಬಣ್ಣದ ಬ್ಯಾಗಿಗೆ ಒತ್ತಿಕೊಂಡು ಇಡಬೇಡಿ, ಆ ಬಣ್ಣ ಈ ಪದರದೊಳಗೆ ಇಳಿದರೆ ಮತ್ತೆ ಹೋಗುವುದಿಲ್ಲ.

ಪ್ರಶ್ನೆ: ಸ್ವೇಡ್‌ಗೆ?

ಉತ್ತರ: ಸ್ವೇಡ್ ಅಂದರೆ ಮೇಲೆ ನವಿರು ಎದ್ದಿರುವ ಮೆತ್ತನೆ ಚರ್ಮ. ಅದಕ್ಕೆ ಕ್ರೀಮ್, ನೀರು, ಮೇಣ ಯಾವುದೂ ಬೇಡ. ಸ್ವೇಡ್ ಬ್ರಷ್‌ನಿಂದ ಒಂದೇ ದಿಕ್ಕಿಗೆ ಬಾಚಿ, ಮಲಗಿದ ನವಿರು ಏಳುತ್ತದೆ. ಮಿಕ್ಕಿದ್ದಕ್ಕೆ ಬಿಳಿ ರಬ್ಬರು.

ಪ್ರಶ್ನೆ: ಗೀರು ಅಂದುಕೊಂಡಿದ್ದೆ, ಈಗ ಚಕ್ಕೆ ಚಕ್ಕೆಯಾಗಿ ಸುಲಿಯುತ್ತಿದೆ, ಕೆಳಗೆ ಬಟ್ಟೆ ಕಾಣುತ್ತಿದೆ. ಜಾಸ್ತಿ ಬಳಸಿಯೂ ಇಲ್ಲ, ಬೀರುವಿನಲ್ಲೇ ಇತ್ತು.

ಉತ್ತರ: ಕೆಳಗೆ ನೇಯ್ದ ಬಟ್ಟೆ ಕಂಡರೆ ಅದು ಚರ್ಮ ಅಲ್ಲ ಸರ್, ಬಟ್ಟೆಯ ಮೇಲೆ ಪಾಲಿಯುರೆಥೇನ್ ಹಚ್ಚಿದ್ದು. ಗಾಳಿಯ ತೇವವೇ ಅದನ್ನು ಒಳಗಿಂದ ಒಡೆಯುತ್ತದೆ, ಬಳಸದೆ ಇಟ್ಟರೂ ಒಡೆಯುತ್ತದೆ. ಬಣ್ಣ ಹಾಕಿದರೆ ಬಣ್ಣದ ಸಮೇತ ಸುಲಿಯುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ ಅಂತ ನೇರವಾಗಿ ಹೇಳುತ್ತೇನೆ.

ಪ್ರಶ್ನೆ: ಮಳೆಯಲ್ಲಿ ನೆನೆದಿತ್ತು ಅಂತ ಹೇರ್ ಡ್ರೈಯರ್ ಹಿಡಿದೆ. ಈಗ ಗೀರುಗಳ ಜೊತೆ ಆ ಭಾಗ ಗಟ್ಟಿಯಾಗಿ ಸುಕ್ಕುಗಟ್ಟಿದೆ.

ಉತ್ತರ: ಮರದ ತೊಗಟೆಯ ಚೊಗರಿನಲ್ಲಿ ಹದ ಮಾಡಿದ ಚರ್ಮ ಒದ್ದೆ ಇರುವಾಗ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮುದುಡಲು ಶುರುವಾಗುತ್ತದೆ. ಡ್ರೈಯರ್ ಹತ್ತಿರ ಹಿಡಿದರೆ ಅಷ್ಟು ಬಿಸಿ ಸುಲಭವಾಗಿ ಬರುತ್ತದೆ. ಪೂರ್ತಿ ಮುದುಡಿದ ಜಾಗ ಹಿಂದಿನಂತೆ ಆಗುವುದಿಲ್ಲ, ಆದರೆ ಗಟ್ಟಿತನ ಕಡಿಮೆ ಮಾಡಬಹುದು. ಕಂಡೀಷನರ್ ತೆಳ್ಳಗೆ ಹಚ್ಚಿ, ಒಂದು ದಿನ ಬಿಟ್ಟು ಇನ್ನೊಮ್ಮೆ, ನಡುನಡುವೆ ಕೈಯಲ್ಲಿ ಮೆಲ್ಲಗೆ ಬಾಗಿಸಿ. ಮುಂದೆ ನೆನೆದರೆ ಒಳಗೆ ಬಿಳಿ ಕಾಗದ ತುಂಬಿ, ಫ್ಯಾನಿನ ಗಾಳಿಗೆ ನೆರಳಿನಲ್ಲಿ ಇಡಿ. ನ್ಯೂಸ್ ಪೇಪರ್ ಬೇಡ, ಇಂಕು ಬಿಡುತ್ತದೆ. ಇಡುವಾಗಲೂ ಪ್ಲಾಸ್ಟಿಕ್ ಕವರ್ ಬದಲು ಹತ್ತಿ ಚೀಲ. ಗಾಳಿಯ ತೇವ ಶೇಕಡಾ 65–70 ದಾಟಿದರೆ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಕೊಂಡರೆ ಇನ್ನೂ ಬೇಗ.

ಪ್ರಶ್ನೆ: ಸರ್, ಅಮ್ಮ ಕೆಲಸಕ್ಕೆ ಹೋಗುವಾಗ ಹಿಡಿಯುತ್ತಿದ್ದ ಬ್ಯಾಗು. ಅಮ್ಮ ಈಗಿಲ್ಲ. ಮೈಯೆಲ್ಲಾ ಸಣ್ಣ ಗೀರು, ಹಿಡಿ ಕಪ್ಪಾಗಿದೆ. ಮೊನ್ನೆ ಬೆಕ್ಕು ಉಗುರು ಹಾಕಿ ಒಂದು ಕಡೆ ಚರ್ಮ ಎದ್ದಿದೆ. ಹೊಸದರಂತೆ ಮಾಡಿಸಬೇಕು ಅನಿಸುತ್ತದೆ, ಆಗುತ್ತಾ?

ಉತ್ತರ: ಮಾಡಬಹುದು ಅಕ್ಕ. ಆದರೆ ಹೊಸದರಂತೆ ಮಾಡಬೇಕು ಅಂದರೆ ಎಲ್ಲದರ ಮೇಲೂ ಬಣ್ಣ ಹೊಡೆಯಬೇಕು. ಹಿಡಿಯ ಆ ಕಪ್ಪು ನಿಮ್ಮ ಅಮ್ಮ ವರ್ಷಗಟ್ಟಲೆ ಹಿಡಿದು ಆದದ್ದು, ಬೆರಳು ಕೂರುತ್ತಿದ್ದ ಜಾಗ ಜಾಸ್ತಿ ಕಪ್ಪಾಗಿರುತ್ತದೆ, ನೋಡಿ. ಅದೂ ಬಣ್ಣದ ಕೆಳಗೆ ಹೋಗುತ್ತದೆ. ನನ್ನನ್ನು ಕೇಳಿದರೆ ಹಳೆಯ ಗೀರು ಹಾಗೇ ಇರಲಿ, ಬೆಕ್ಕಿನದ್ದನ್ನು ಮಾತ್ರ ಸರಿ ಮಾಡಿ.

ಎದ್ದಿರುವ ಸಿಪ್ಪೆಯನ್ನು ಕತ್ತರಿಸಬೇಡಿ, ಅದು ಇದ್ದರೆ ಬಣ್ಣ ಹುಡುಕುವ ಕೆಲಸವೇ ಇಲ್ಲ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ಚರ್ಮದ ಅಂಟು ತಗೊಂಡು ಸಿಪ್ಪೆಯ ಕೆಳಗೆ ಸವರಿ, ಮೊದಲಿದ್ದ ದಿಕ್ಕಿಗೇ ಮಲಗಿಸಿ, ಬೆರಳಿನಿಂದ ಒತ್ತಿ ಹಿಡಿಯಿರಿ. ಹೊರಗೆ ಬಂದ ಅಂಟನ್ನು ಕೂಡಲೇ ಒರೆಸಿ. ಒಂದು ದಿನ ಬಿಟ್ಟು ಬಣ್ಣ ಇಲ್ಲದ ಕ್ರೀಮ್ ತೆಳ್ಳಗೆ.

ಪ್ರಶ್ನೆ: ಈಗಷ್ಟೇ ಹಿಡಿ ನೋಡಿದೆ ಸರ್. ನೀವು ಹೇಳಿದ ಹಾಗೆ ನಾಲ್ಕು ಕಡೆ ಕಪ್ಪು ಜಾಸ್ತಿ ಇದೆ. ನನ್ನ ಬೆರಳು ಅಲ್ಲಿಗೇ ಕೂರುತ್ತದೆ. ಬಣ್ಣ ಬೇಡ. ಅಂಟು ಯಾವುದು ಅಂತ ಹೇಳಿ ಸಾಕು.

ಉತ್ತರ: ಚರ್ಮಕ್ಕೆ ಅಂತ ಸಿಗುವ ನೀರು ಬೆರೆಯುವ ಬಿಳಿ ಅಂಟು ತಗೊಳ್ಳಿ, ಒಣಗಿದರೆ ಕಾಣಿಸುವುದಿಲ್ಲ, ಬಾಗುತ್ತದೆ. ಸೂಪರ್ ಗ್ಲೂ ಬೇಡ ಅಕ್ಕ, ಕಲ್ಲಿನಂತೆ ಗಟ್ಟಿಯಾಗಿ ಪಕ್ಕದಲ್ಲಿ ಬಿರುಕು ಬಿಡಿಸುತ್ತದೆ. ಅಂಟಿಸುವ ಮುಂಚೆ ಒಂದು ಫೋಟೋ ಹಾಕಿ, ಸಿಪ್ಪೆ ಯಾವ ಕಡೆಗೆ ಮಲಗಬೇಕು ಅಂತ ನೋಡಿ ಹೇಳುತ್ತೇನೆ.